ಹನ್ನೊಂದು ಖಾಲಿ ಚೌಕಗಳು

ಬಸ್ಸಿನ ಕಿಟಕಿಯ ಗಾಜಿಗೆ ಹಣೆಯಾನಿಸಿ ಕೂತರೆ ತಲೆಯೊಳಗೆ ಒಂದು ಸಣ್ಣ ಗುಂಯ್‌ಗುಡುವಿಕೆ ಶುರುವಾಗುತ್ತಿತ್ತು, ಯಾರೋ ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿರುವ ಹಾಗೆ. ಅವಳು ಹಣೆ ತೆಗೆಯಲಿಲ್ಲ. ಮಡಿಲಿನ ಚೀಲದಲ್ಲಿ ಆ ಹಾಳೆ ಇತ್ತು, ನಾಲ್ಕು ಮಡಿಕೆ ಮಡಿಸಿದ್ದು, ಹತ್ತೊಂಬತ್ತು ದಿನಗಳಿಂದ ಅಲ್ಲೇ ಇದ್ದದ್ದು. ದಿನಾ ಚೀಲದೊಳಗೆ ಕೈ ಹಾಕಿ ಬೀಗದ ಕೈ ಹುಡುಕುವಾಗ ಅದರ ಅಂಚು ಬೆರಳಿಗೆ ತಾಗುತ್ತಿತ್ತು. ಮೊದಮೊದಲು ಚುಚ್ಚುವಷ್ಟು ಚೂಪಾಗಿದ್ದ ಅಂಚು ಈಗ ಸವೆದು ಬಟ್ಟೆಯಂತೆ ಮೆತ್ತಗಾಗಿತ್ತು. ತಪ್ಪು ಕೂಡ ಹೀಗೆ ಮೆತ್ತಗಾಗುತ್ತದೆಯೇನೋ, ಇನ್ನೊಂದು ಹತ್ತೊಂಬತ್ತು ದಿನ ಸುಮ್ಮನಿದ್ದರೆ ಕರವಸ್ತ್ರವೇ ಆಗಿಬಿಡಬಹುದು, ಅದರಲ್ಲಿ ಮುಖ ಒರೆಸಿಕೊಳ್ಳಬಹುದು ಎಂದು ಯೋಚಿಸಿ ಅವಳಿಗೆ ನಗು ಬಂತು. ಎದುರಿನ ಸೀಟಿನ ಹೆಂಗಸು ತನ್ನನ್ನೇ ನೋಡುತ್ತಿದ್ದಾಳೆ ಅನಿಸಿ ನಗು ಅರ್ಧಕ್ಕೇ ನಿಂತಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಏನೂ ಅಂದಿರಲಿಲ್ಲ. ಅವಳೇ ಹತ್ತೊಂಬತ್ತು ದಿನಗಳಿಂದ ಹೆಗಲು ಮುಟ್ಟಿಕೊಳ್ಳುತ್ತಿದ್ದಳು.

ಆಸ್ಪತ್ರೆಯ ಸಂಶೋಧನಾ ವಿಭಾಗದಲ್ಲಿ ಅವಳ ಕೆಲಸ ಅಂದಾಜು ಮಾಡುವುದು. ಇಷ್ಟು ಜನಕ್ಕೆ ಔಷಧಿ ಕೊಟ್ಟೆವು, ಇಷ್ಟು ಜನಕ್ಕೆ ಗುಣವಾಯಿತು, ಹಾಗಾದರೆ ನಾವು ನೋಡದ ಸಾವಿರಾರು ಜನಕ್ಕೆ ಏನಾಗಬಹುದು. ವಾರ್ಡಿನವರು ಅವಳಿಗೆ ಅಂದಾಜಮ್ಮ ಎಂದು ಹೆಸರಿಟ್ಟಿದ್ದರು. ಮೊದಲು ಬೆನ್ನ ಹಿಂದೆ ಕರೆಯುತ್ತಿದ್ದವರು ಈಗ ಎದುರಿಗೇ ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು. ಅಂದಾಜೆಂದರೆ ಒಂದು ಸಂಖ್ಯೆಯಲ್ಲ, ಎರಡು ಸಂಖ್ಯೆಗಳ ನಡುವಿನ ಜಾಗ ಎಂದು ಅವಳು ಹೊಸ ಡಾಕ್ಟರುಗಳಿಗೆ ಪ್ರತಿವರ್ಷ ಹೇಳಿಕೊಡುತ್ತಿದ್ದಳು. ಕೆಳಗೊಂದು ಮಿತಿ, ಮೇಲೊಂದು ಮಿತಿ; ಸತ್ಯ ಆ ಎರಡರ ನಡುವೆ ಎಲ್ಲೋ ಮಲಗಿರುತ್ತದೆ, ಅದನ್ನು ಎಬ್ಬಿಸಲು ಹೋಗಬೇಡಿ. ಮುನ್ನೂರು ಜನರಲ್ಲಿ ಒಬ್ಬರಿಗೂ ತೊಂದರೆ ಕಾಣಲಿಲ್ಲವೆಂದರೆ ತೊಂದರೆಯೇ ಇಲ್ಲ ಅಂತಲ್ಲ. ಸೊನ್ನೆ ಬಂದಾಗ ಮೂರನ್ನು ಜನರ ಸಂಖ್ಯೆಯಿಂದ ಭಾಗಿಸುವುದು ನಮ್ಮ ಲೆಕ್ಕದ ಸೂತ್ರ; ಮೂರನ್ನು ಮುನ್ನೂರರಿಂದ ಭಾಗಿಸಿ, ನೂರಕ್ಕೆ ಒಂದು ಬಂತು, ಅದಕ್ಕಿಂತ ಹೆಚ್ಚಿರಲಾರದು ಎಂದು ಮಾತ್ರ ಸಾಕಷ್ಟು ಧೈರ್ಯದಿಂದ ಹೇಳಬಹುದು. ಸೊನ್ನೆಗೂ ಒಂದು ಮೇಲ್ಮಿತಿ ಇದೆ. ಈ ಮಾತು ಹೇಳುವಾಗ ಅವಳ ದನಿಯಲ್ಲಿ ಒಂದು ಸಣ್ಣ ಹೆಮ್ಮೆ ಇಣುಕುತ್ತಿತ್ತು. ಈಗ ನೆನೆದರೆ ಅದೇ ಹೆಮ್ಮೆ ನಾಲಿಗೆಯ ಮೇಲೆ ಕಹಿಯಾಗಿ ಕೂರುತ್ತಿತ್ತು.

ಕೀಲುನೋವಿನ ಹೊಸ ಮಾತ್ರೆಯನ್ನು ಮುನ್ನೂರ ಹನ್ನೆರಡು ಜನಕ್ಕೆ ಕೊಟ್ಟಿದ್ದರು. ಮೂರನೆಯ ತಿಂಗಳಿಗೆ ಎಲ್ಲರೂ ಬಂದು ಯಕೃತ್ತಿನ ಪರೀಕ್ಷೆಗೆ ರಕ್ತ ಕೊಡಬೇಕಿತ್ತು. ಮುನ್ನೂರ ಒಂದು ಜನ ಬಂದರು. ಒಬ್ಬರಿಗೂ ತೊಂದರೆ ಇರಲಿಲ್ಲ. ಹನ್ನೊಂದು ಜನ ಬರಲೇ ಇಲ್ಲ, ಪಟ್ಟಿಯಲ್ಲಿ ಅವರ ಚೌಕಗಳು ಖಾಲಿ ಉಳಿದವು. ಅವಳು ಕಂಪ್ಯೂಟರಿಗೆ ಒಂದೇ ಒಂದು ಸಾಲಿನ ಆಜ್ಞೆ ಬರೆದಿದ್ದಳು: ‘ತೊಂದರೆ ಇದೆ’ ಎಂದಿದ್ದರೆ ಒಂದು, ಮಿಕ್ಕದ್ದಕ್ಕೆಲ್ಲ ಸೊನ್ನೆ. ಖಾಲಿ ಎಂದರೇನು ಎಂದು ಅದಕ್ಕೆ ಹೇಳಿರಲಿಲ್ಲ. ಹನ್ನೊಂದು ಜನರೂ ಆರೋಗ್ಯವಂತರಾಗಿ ಪಟ್ಟಿಯ ತಳಕ್ಕೆ ಇಳಿದು ಮೊತ್ತದಲ್ಲಿ ಸೇರಿಕೊಂಡರು. ವರದಿ ಔಷಧಿ ಸಮಿತಿಗೆ ಹೋಯಿತು, ಒಪ್ಪಿಗೆ ಬಂತು. ಎರಡು ವರ್ಷದ ಮೇಲೆ, ಮಾತ್ರೆಯನ್ನು ಹೊರರೋಗಿಗಳಿಗೂ ಕೊಡಲು ದಿನ ಗೊತ್ತಾದ ಮೇಲೆ, ಬೇರೇನನ್ನೋ ಹುಡುಕುವಾಗ ಆ ಸಾಲು ಅವಳ ಕಣ್ಣಿಗೆ ಬಿತ್ತು. ಅವತ್ತು ಮೊದಲು ಮಾಡಿದ ಕೆಲಸವೆಂದರೆ ಎದ್ದುಹೋಗಿ ಕೋಣೆಯ ಬಾಗಿಲು ಹಾಕಿದ್ದು. ಆಮೇಲೆ ಹನ್ನೊಂದು ಜನರನ್ನು ಕಳೆದು ಲೆಕ್ಕ ಹಾಕಿದಳು. ಮೇಲ್ಮಿತಿ ಆಗಲೂ ನೂರಕ್ಕೆ ಒಂದರೊಳಗೇ, ಕೂದಲೆಳೆಯಷ್ಟು ಒಳಗೆ, ನಿಂತಿತು. ನಿಟ್ಟುಸಿರು ಬಿಟ್ಟಳು. ಆ ನಿಟ್ಟುಸಿರು ಮುಗಿಯುವ ಮೊದಲೇ ಇನ್ನೊಂದು ಲೆಕ್ಕ ತಾನಾಗಿ ನಡೆದುಹೋಗಿತ್ತು. ಬಾರದೆ ಇದ್ದವರು ಬಾರದೆ ಇದ್ದದ್ದು ತೊಂದರೆಯಾದದ್ದಕ್ಕೇ ಆಗಿದ್ದರೆ? ಹನ್ನೊಂದಕ್ಕೆ ಹನ್ನೊಂದೂ? ಆಗ ತೊಂದರೆಯೇ ನೂರಕ್ಕೆ ಮೂರೂವರೆಯಾಗಿ, ಅದರ ಮೇಲ್ಮಿತಿ ನೂರಕ್ಕೆ ಆರರ ಹತ್ತಿರ ಹೋಗಿ ಕೂತಿತು. ಅದನ್ನು ಅಚ್ಚು ಹಾಕಿದಳು, ಮಡಿಸಿದಳು, ಚೀಲಕ್ಕೆ ಸೇರಿಸಿದಳು. ಸಂಜೆ ಅಕ್ಕ ಫೋನು ಮಾಡಿ, “ದೊಡ್ಡ ಡಾಕ್ಟರು ನನ್ನನ್ನೂ ಪಟ್ಟಿಗೆ ಸೇರಿಸಿದಾರಂತೆ ಕಣೇ. ನೀನೇ ಲೆಕ್ಕ ಹಾಕಿದ್ದಲ್ವಾ, ಹೇಳು, ತಗೊಳ್ಳಲಾ?” ಎಂದಳು. “ತಗೋ ಅಕ್ಕ, ಏನೂ ಆಗಲ್ಲ” ಎಂದಿದ್ದಳು ಇವಳು. ಹಾಳೆ ಆಗಿನ್ನೂ ಚೀಲದಲ್ಲಿ ಬೆಚ್ಚಗಿತ್ತು.

ಅಕ್ಕನ ಸರದಿ ಇವತ್ತು ಮಧ್ಯಾಹ್ನ ಮೂರೂವರೆಗೆ. ಮೊದಲ ಮಾತ್ರೆಯನ್ನು ನರ್ಸಿನ ಎದುರಿಗೇ ನುಂಗಬೇಕು, ಅರ್ಧ ಗಂಟೆ ಬೆಂಚಿನ ಮೇಲೆ ಕೂರಬೇಕು.

ಅಕ್ಕ ಅಪ್ಪನ ಹೊಲಿಗೆ ಅಂಗಡಿಯನ್ನು ಹಿಡಿದವಳು. ಈಗ ಬೆಳಿಗ್ಗೆ ಏಳುವಾಗ ಅವಳ ಬೆರಳುಗಳು ಹಕ್ಕಿಯ ಕಾಲಿನ ಹಾಗೆ ಮುದುಡಿಕೊಂಡಿರುತ್ತವೆ. ಬಿಸಿನೀರಲ್ಲಿ ಅದ್ದಿ, ಒಂದೊಂದನ್ನೇ ಇನ್ನೊಂದು ಕೈಯಿಂದ ಬಿಡಿಸಿ, ಸೂಜಿಗೆ ದಾರ ಪೋಣಿಸಲು ಪಕ್ಕದ ಅಂಗಡಿಯವಳನ್ನು ಕರೆಯುತ್ತಾಳೆ. ಅಪ್ಪ ಹೇಳುತ್ತಿದ್ದದ್ದು ಒಂದೇ ಮಾತು: ಎಷ್ಟೇ ಸರಿಯಾಗಿ ಅಳೆದಿದ್ದರೂ, ಹೊಲಿಗೆಯೊಳಗೆ ಎರಡು ಬೆರಳು ಬಟ್ಟೆ ಬಿಡು. ಮೈ ಅನ್ನೋದು ನಿನ್ನ ಟೇಪು ಕೇಳಿಕೊಂಡು ಬೆಳೆಯಲ್ಲ. ಬಸ್ಸು ತಿರುವಿನಲ್ಲಿ ವಾಲಿತು. ಅವಳು ಹನ್ನೊಂದು ವರ್ಷದವಳಾಗಿ, ಬಾಯಲ್ಲಿ ಸೀಮೆಸುಣ್ಣದ ತುಣುಕು ಕಚ್ಚಿಕೊಂಡು, ಅಂಗಡಿಯ ಹಿಂದಿನ ಕತ್ತಲೆಯಲ್ಲಿ ಅಕ್ಕನ ಸೊಂಟಕ್ಕೆ ಟೇಪು ಸುತ್ತುತ್ತಿದ್ದಳು. ಅಪ್ಪನಿಗೆ ಗಿರಾಕಿಗಳು ಜಾಸ್ತಿ, ನೀನೇ ಅಳೆದು ಬರೆದುಕೊಡು ಎಂದಿದ್ದ. ಶಾಲೆಯ ನಾಟಕಕ್ಕೆ ಅಕ್ಕನಿಗೆ ಹಸಿರು ಫ್ರಾಕು. ಅಕ್ಕ ಉಸಿರು ಬಿಗಿಹಿಡಿದಿದ್ದಳು, ಹೊಟ್ಟೆ ಒಳಗೆಳೆದು, ತುಟಿ ಮುಚ್ಚಿ, ಕಣ್ಣಲ್ಲೇ ಬರಿ ಬರಿ ಎನ್ನುತ್ತ. ಇವಳಿಗೆ ಕಂಡಿತ್ತು. ಕಂಡೂ ಬರೆದಳು. ಅಪ್ಪ ಎರಡು ಬೆರಳು ಬಿಟ್ಟೇ ಹೊಲಿದಿದ್ದ, ಎರಡು ಬೆರಳು ಸಾಲಲಿಲ್ಲ. ವೇದಿಕೆಯ ಮೇಲೆ ಅಕ್ಕ ಬಗ್ಗಿ ಹೂ ಹೆಕ್ಕುವಾಗ ಬೆನ್ನಿನ ಉದ್ದಕ್ಕೂ ಪರ್ರೆಂದ ಸದ್ದು ಕೊನೆಯ ಸಾಲಿನಲ್ಲಿ ಕೂತ ಇವಳಿಗೂ ಕೇಳಿಸಿತ್ತು, ಆಮೇಲೆ ಇಡೀ ಶಾಲೆಯ ನಗು. ಅಕ್ಕ ಬೆನ್ನಿಗೆ ಪುಸ್ತಕದ ಚೀಲ ಆನಿಸಿಕೊಂಡು ಮನೆಗೆ ನಡೆದಳು. ಯಾರು ಅಳೆದದ್ದು ಎಂದು ಅಪ್ಪ ಕೇಳಿದಾಗ ನಾನೇ ಅಳೆದುಕೊಂಡೆ ಎಂದಳು. ಇಳಿಯುವವರು ಯಾರಮ್ಮ ಎಂದು ಕಂಡಕ್ಟರು ಕೂಗುತ್ತಿದ್ದ. ಇಳಿಯಬೇಕಾದವಳು ಇವಳೇ.

ಸಂಶೋಧನಾ ವಿಭಾಗದ ಕೊನೆಯ ಮೇಜು ಫೋನ್ ಸಿಸ್ಟರದು. ಮೂವತ್ತು ವರ್ಷ ವಾರ್ಡಿನಲ್ಲಿ ದುಡಿದು, ಮಂಡಿ ಹೋದ ಮೇಲೆ ರೋಗಿಗಳಿಗೆ ಫೋನು ಮಾಡಿ ತಪಾಸಣೆಗೆ ಕರೆಯುವ ಕೆಲಸಕ್ಕೆ ಬಂದವರು. ಅವರ ಮುಂದೆ ಅವಳು ಹನ್ನೊಂದು ನಂಬರುಗಳ ಚೀಟಿ ಇಟ್ಟಳು.

“ಏನ್ರೀ ಅಂದಾಜಮ್ಮ, ಈ ಪುಣ್ಯಾತ್ಮರು ಎರಡು ವರ್ಷ ಆದಮೇಲೆ ನೆನಪಾದ್ರಾ?” ಸಿಸ್ಟರು ಕನ್ನಡಕ ಮೂಗಿನ ತುದಿಗೆ ಇಳಿಸಿದರು. “ಆಗ ಎರಡೆರಡು ಸಲ ಮಾಡಿದ್ದೆ. ಎರಡು ಸಲ ಸಿಗದಿದ್ರೆ ‘ಸಿಗಲಿಲ್ಲ’ ಅಂತ ಬರೀಬೇಕು ಅಂತ ನೀವೇ ಬರೆದು ಅಂಟಿಸಿದ್ರಿ, ನೋಡಿ ಗೋಡೆ ಮೇಲೆ.”

“ಹೌದು ಸಿಸ್ಟರ್. ಮೂರನೇ ಸಲ ಮಾಡೋಣ.”

“ಮುಖ ಯಾಕೆ ಬಿಳಿಚ್ಕೊಂಡಿದೆ? ತಿಂಡಿ ತಿಂದ್ರಾ?”

“ತಿಂದೆ.”

“ಸುಳ್ಳಿಗೂ ಒಂದು ಅಂದಾಜು ಇರ್ಬೇಕು ಕಣ್ರೀ” ಎಂದು ಸಿಸ್ಟರು ತಮ್ಮ ಡಬ್ಬಿಯಿಂದ ಎರಡು ಬಿಸ್ಕತ್ತು ತೆಗೆದು ಅವಳ ಮುಂದಿಟ್ಟು ನಂಬರು ಒತ್ತತೊಡಗಿದರು. ಮೊದಲನೆಯದು ಚಾಲ್ತಿಯಲ್ಲಿರಲಿಲ್ಲ. ಎರಡನೆಯದು ಬಡಿದುಕೊಂಡು ಬಡಿದುಕೊಂಡು ತಣ್ಣಗಾಯಿತು. ಮೂರನೆಯದಕ್ಕೆ ಒಬ್ಬ ಗಂಡಸು ಸಿಕ್ಕಿ, ಸಿಸ್ಟರು ಸ್ಪೀಕರು ಹಾಕಿದ್ದರಿಂದ, ಕೋಣೆಗೆಲ್ಲ ಕೇಳುವಂತೆ ನಕ್ಕ. “ಕೈ ನೋವು ಹೋಯ್ತು, ಅದಕ್ಕೇ ಬರಲಿಲ್ಲ. ಸುಮ್ಸುಮ್ನೆ ಸೂಜಿ ಚುಚ್ಚಿಸ್ಕೊಳ್ಳೋಕೆ ನಂಗೇನು ಹುಚ್ಚಾ?” ಸಿಸ್ಟರು ಹುಬ್ಬೇರಿಸಿ ಅವಳ ಕಡೆ ನೋಡಿದರು, ಬರ್ಕೊಳ್ಳಿ ಒಂದು ಸೊನ್ನೆ ಎಂಬಂತೆ. ಅವಳ ಎದೆ ಹಗುರಾಯಿತು, ಪೆನ್ನು ಚೌಕದ ತನಕ ಹೋಯಿತು, ಅಲ್ಲೇ ನಿಂತಿತು. ಕೈ ಸರಿಹೋದದ್ದು ಕೈಯ ಸುದ್ದಿ. ರಕ್ತದ ಸುದ್ದಿಯಲ್ಲ. ಈ ಚೌಕವನ್ನು ಖಾಲಿಯೇ ಬಿಟ್ಟಳು. ನಾಲ್ಕನೆಯದರಲ್ಲಿ ಒಬ್ಬ ಹುಡುಗಿಯ ದನಿ. ನಿಮ್ಮ ತಾಯಿಯವರ ಹತ್ತಿರ ಮಾತಾಡಬೇಕಿತ್ತು, ಆಸ್ಪತ್ರೆಯಿಂದ, ಎಂದರು ಸಿಸ್ಟರು.

“ಅಮ್ಮ ತೀರಿಕೊಂಡು ಒಂದೂವರೆ ವರ್ಷ ಆಯ್ತು.”

ಸಿಸ್ಟರು ಫೋನನ್ನು ಅವಳತ್ತ ಸರಿಸಿದರು. ಅವಳೇ ಮುಂದೆ ಬಗ್ಗಿ ಕೇಳಿದಳು, “ಏನಾಗಿತ್ತಮ್ಮ ಅವರಿಗೆ?”

“ಈಗ ಕೇಳ್ತೀರಾ?” ಎಂದಿತು ದನಿ. ಸಿಟ್ಟಿರಲಿಲ್ಲ ಅದರಲ್ಲಿ, ಬರೀ ಆಶ್ಚರ್ಯ. ಆಮೇಲೆ ಫೋನು ಇಟ್ಟ ಸದ್ದು. ಸಿಸ್ಟರು ಮತ್ತೆ ಒತ್ತಿದರು, ಎತ್ತಲಿಲ್ಲ. ಉಳಿದ ಏಳು ನಂಬರುಗಳನ್ನೂ ಒತ್ತಿದರು. ಒಂದೂ ದನಿ ಕೊಡಲಿಲ್ಲ. ಬಿಸ್ಕತ್ತು ಹಾಗೆಯೇ ಇತ್ತು.

ಊಟದ ಹೊತ್ತಿಗೆ ಎಲ್ಲರೂ ಕೆಳಗೆ ಹೋದ ಮೇಲೆ ಅವಳು ತನ್ನ ಕುರ್ಚಿಯಲ್ಲಿ ಕಣ್ಣು ಮುಚ್ಚಿದಳು. ನಿದ್ದೆಯಲ್ಲ, ನಿದ್ದೆಯ ಹೊಸಿಲು. ಪರದೆಯ ಮೇಲಿನ ಪಟ್ಟಿ ಒಂದು ಬೀದಿಯಾಗಿ ಮಲಗಿತು. ಎರಡೂ ಬದಿಗೆ ಒಂದೇ ಅಳತೆಯ ಬಾಗಿಲುಗಳು, ಪ್ರತಿ ಬಾಗಿಲ ಮೇಲೆ ಬಿಳಿ ಸುಣ್ಣದಲ್ಲಿ ಬರೆದ ಸೊನ್ನೆ, ದುಂಡಗೆ, ಮುದ್ದಾಗಿ, ಅವಳದೇ ಕೈಬರಹದಲ್ಲಿ. ಒಳಗೆ ಜನ ಓಡಾಡುವ ಸದ್ದು, ಪಾತ್ರೆಗಳ ಸದ್ದು, ಯಾರೋ ಕೆಮ್ಮಿದ್ದು. ಕೆಲವು ಬಾಗಿಲುಗಳ ಹಿಂದೆ ಮಾತ್ರ ಸದ್ದಿರಲಿಲ್ಲ. ಅವುಗಳ ಮೇಲೂ ಸೊನ್ನೆ ಇತ್ತು, ಆದರೆ ಬೆರಳು ತಾಗಿಸಿದರೆ ಸುಣ್ಣ ಇನ್ನೂ ಹಸಿ. ಒಂದು ಬಾಗಿಲಿಗೆ ಕಿವಿ ಹಚ್ಚಿದಳು. ಒಳಗೆ ಯಾರೋ ಉಸಿರು ಬಿಗಿಹಿಡಿದು ನಿಂತಿದ್ದಾರೆ, ಇವಳು ಹೋಗಲಿ ಎಂದು ಕಾಯುತ್ತಿದ್ದಾರೆ. ಎಷ್ಟು ಹೊತ್ತು ಹಿಡಿಯಬಲ್ಲರು? ಬಾಗಿಲು ತಟ್ಟಲು ಕೈ ಎತ್ತಿದರೆ ಕೈಯ ಬೆರಳುಗಳು ಮುದುಡಿಕೊಂಡಿವೆ, ಹಕ್ಕಿಯ ಕಾಲಿನ ಹಾಗೆ, ಬಿಚ್ಚುತ್ತಿಲ್ಲ. ಬೀದಿ ತುಂಬ ಉದ್ದವಿತ್ತು, ಹಸಿರು ಬೆಳಕಿನಲ್ಲಿ ತೇಲುತ್ತಿತ್ತು, ಹೆದರಿಕೆಯಾಗುತ್ತಿರಲಿಲ್ಲ. ಇಲ್ಲಿಯೇ ಇದ್ದುಬಿಡಬಹುದು, ಯಾವ ಬಾಗಿಲನ್ನೂ ತಟ್ಟದೆ, ಸೊನ್ನೆಗಳ ಕೆಳಗೆ ನಡೆಯುತ್ತ. ಕಣ್ಣು ತೆರೆದಾಗ ಎಡಗೈ ಜೋಮು ಹಿಡಿದಿತ್ತು. ಗಡಿಯಾರದಲ್ಲಿ ಎರಡೂ ಹತ್ತು.

ದೊಡ್ಡ ಡಾಕ್ಟರು ಅವಳು ಚೀಲದಿಂದ ತೆಗೆದುಕೊಟ್ಟ ಹಾಳೆಯ ಮಡಿಕೆಗಳನ್ನು ಅಂಗೈಯಿಂದ ನೇವರಿಸಿ ನೇರ ಮಾಡಿದರು, ಆಮೇಲೆ ಓದಿದರು. ಕೆಟ್ಟವರಲ್ಲ. ಅವಳ ಸಂಖ್ಯೆಗಳನ್ನು ನಂಬಿ ನಂಬಿ ಅವುಗಳನ್ನು ಓದುವುದನ್ನೇ ಬಿಟ್ಟಿದ್ದರು.

“ಹನ್ನೊಂದು ಜನ ತಾನೆ? ಅವರನ್ನ ಬಿಟ್ಟು ಹಾಕಿದ್ರೆ ಎಷ್ಟು ಬರತ್ತೆ?”

“ನೂರಕ್ಕೆ ಒಂದರ ಒಳಗೇ ಬರತ್ತೆ ಸರ್.”

“ಹಾಗಾದ್ರೆ ಮುಗೀತಲ್ಲ ಮೇಡಂ. ಎಳ್ಳಷ್ಟೂ ವ್ಯತ್ಯಾಸ ಇಲ್ಲ.”

“ಬಿಟ್ಟು ಹಾಕೋಕೆ ಆಗಲ್ಲ ಸರ್. ಬಂದವರ ಹಾಗೇ ಬಾರದವರೂ ಇದ್ದಾರೆ ಅಂದ್ಕೊಂಡ್ರೆ ಮಾತ್ರ ಬಿಡಬಹುದು. ಯಾಕೆ ಬರಲಿಲ್ಲ ಅಂತ ನಮಗೆ ಗೊತ್ತಿಲ್ಲ. ಬೆಳಿಗ್ಗೆ ಫೋನ್ ಮಾಡಿಸ್ದೆ. ಒಬ್ಬರು ತೀರಿಕೊಂಡಿದಾರೆ. ಏನಾಗಿ ಅಂತ ಗೊತ್ತಾಗಲಿಲ್ಲ.”

ಡಾಕ್ಟರು ಕನ್ನಡಕ ತೆಗೆದರು. ಕನ್ನಡಕವಿಲ್ಲದ ಮುಖ ಇದ್ದಕ್ಕಿದ್ದಂತೆ ವಯಸ್ಸಾದಂತೆ ಕಂಡಿತು. “ಅದಕ್ಕೂ ಮಾತ್ರೆಗೂ ಸಂಬಂಧ ಇಲ್ಲದೆ ಇರಬಹುದು.”

“ಇರಬಹುದು ಸರ್. ಇಲ್ಲದೆಯೂ ಇರಬಹುದು, ಇದ್ದೂ ಇರಬಹುದು. ನಾನು ಇಲ್ಲ ಅಂತ ಬರೆದುಬಿಟ್ಟಿದೀನಿ.”

“ಇದು ಯಾವಾಗ ಗೊತ್ತಾಯ್ತು?”

ನಿನ್ನೆ ಎನ್ನಬಹುದಿತ್ತು. ನಿನ್ನೆ ಎಂಬ ಮಾತು ನಾಲಿಗೆಯ ತುದಿಗೆ ಬಂದು, ಇಸ್ತ್ರಿ ಮಾಡಿದ ಅಂಗಿಯಷ್ಟು ಒಪ್ಪವಾಗಿ ಕೂತಿತ್ತು ಕೂಡ. “ಹತ್ತೊಂಬತ್ತು ದಿನ ಆಯ್ತು” ಎಂದಳು.

ಅವರು ಬೈಯಲಿಲ್ಲ. ಬೈದಿದ್ದರೆ ಅಳಬಹುದಿತ್ತು. ಹಾಳೆಯನ್ನು ಮೇಜಿನ ಮೇಲಿಟ್ಟು, “ಸಮಿತಿಗೆ ಬರೆಯೋಣ. ನಾಳೆಯಿಂದ ಹೊಸಬರನ್ನ ತಗೊಳ್ಳೋದು ನಿಲ್ಲಿಸ್ತೀನಿ” ಎಂದರು. “ಇವತ್ತು ನಾಲ್ಕು ಜನ ಹೊರಗೆ ಬೆಂಚ್ ಮೇಲೆ ಕೂತಿದಾರೆ. ಕೆಲವರು ತಿಂಗಳುಗಟ್ಟಲೆ ಕಾದವರು. ಅವರಿಗೆ ಇದ್ದದ್ದು ಇದ್ದ ಹಾಗೆ ಹೇಳಿ. ಕೇಳಿದ ಮೇಲೂ ಬೇಕು ಅಂದವರಿಗೆ ಪ್ರತಿ ವಾರ ರಕ್ತ ನೋಡ್ಕೊಂಡು ಕೊಡೋಣ.” ಕನ್ನಡಕ ಹಾಕಿಕೊಂಡರು. “ನಾನು ಹೇಳಲ್ಲ. ನೀವೇ ಹೇಳಿ.”

ಬೆಂಚಿನ ಕೊನೆಯಲ್ಲಿ ಅಕ್ಕ ಕೂತಿದ್ದಳು, ಹಸಿರು ಸೀರೆ, ಎರಡೂ ಕೈಗಳನ್ನು ಸೆರಗಿನ ಒಳಗೆ ಬೆಚ್ಚಗೆ ಅಡಗಿಸಿಕೊಂಡು. ತಂಗಿಯನ್ನು ಕಂಡು, ಇಲ್ಲಿಯ ನೌಕರಿಯವಳು ನನ್ನವಳು ಎಂದು ಪಕ್ಕದವರಿಗೆ ತಿಳಿಯುವ ಹಾಗೆ ಮುಖವರಳಿಸಿದಳು. ಅವಳು ಅಕ್ಕನ ಕಡೆ ನೋಡದೆ ನಾಲ್ವರ ಎದುರು ನಿಂತಳು. ಇಪ್ಪತ್ತು ವರ್ಷ ಸಂಖ್ಯೆಗಳನ್ನು ಹಾಳೆಗೆ ಹೇಳಿದವಳಿಗೆ ಮುಖಗಳಿಗೆ ಹೇಳುವುದು ಹೇಗೆಂದು ಗೊತ್ತಿರಲಿಲ್ಲ. ಕೈ ಎಲ್ಲಿಡಬೇಕೆಂದು ತಿಳಿಯದೆ ಚೀಲದ ಪಟ್ಟಿ ಹಿಡಿದುಕೊಂಡಳು. ಈ ಔಷಧಿಯ ಲೆಕ್ಕ ಹಾಕಿದವಳು ನಾನು ಎಂದಳು. ಅದರಲ್ಲಿ ಒಂದು ತಪ್ಪು ಮಾಡಿದ್ದೇನೆ. ಯಾರಿಗೂ ಯಕೃತ್ತಿಗೆ ತೊಂದರೆಯಾಗಿಲ್ಲ ಎಂದು ನಿಮಗೆ ಹೇಳಿದ್ದಾರೆ, ಆದರೆ ಹನ್ನೊಂದು ಜನ ವಾಪಸು ಬಂದೇ ಇಲ್ಲ, ಅವರನ್ನೂ ನಾನು ಚೆನ್ನಾಗಿರುವವರ ಜೊತೆ ಸೇರಿಸಿಬಿಟ್ಟೆ. ಒಬ್ಬರು ತೀರಿಹೋಗಿದ್ದಾರೆ, ಯಾಕೆಂದು ಗೊತ್ತಿಲ್ಲ. ತೊಂದರೆ ಯಾರಿಗೂ ಆಗದೆ ಇರಬಹುದು. ಹೆಚ್ಚೆಂದರೆ ನೂರು ಜನಕ್ಕೆ ಆರು ಜನರ ತನಕ ಆಗಬಹುದು. ಅದರ ನಡುವೆ ಎಲ್ಲಿ ಎಂದು ನನಗೆ ಗೊತ್ತಿಲ್ಲ.

ಮೊದಲನೆಯವನು ಸರದಿಯ ಚೀಟಿ ಬೆಂಚಿನ ಮೇಲಿಟ್ಟು ಎದ್ದುಹೋದ. “ಮೊದಲೇ ಹೇಳೋಕೆ ಏನಾಗಿತ್ತಂತೆ ಇವರಿಗೆ” ಎಂದು ಗೋಡೆಗೆ ಹೇಳುತ್ತ ನಡೆದ. ಎರಡನೆಯ ಮುದುಕಿ, “ಆರು ಅಂದ್ರೆ ಜಾಸ್ತೀನಾ ಕಮ್ಮೀನಾ ತಾಯಿ?” ಎಂದು ಕೇಳಿದಳು. ಇಷ್ಟು ವರ್ಷದಲ್ಲಿ ಯಾರೂ ಕೇಳಿರದ ಪ್ರಶ್ನೆ ಅದು. “ಅದು ನಿಮಗೆ ಎಷ್ಟು ನೋವಿದೆ ಅನ್ನೋದರ ಮೇಲೆ ಅಜ್ಜಿ” ಎಂದಳು. ಮುದುಕಿ ಮಗನನ್ನು ಕೇಳಿ ಬರುತ್ತೇನೆಂದು ಎದ್ದಳು. ಅವಳ ಹಿಂದೆಯೇ ಮೂರನೆಯವಳೂ ಹೊರಟಳು. ಬೆಂಚಿನ ಮೇಲೆ ಅಕ್ಕ ಒಬ್ಬಳೇ ಉಳಿದಳು.

“ಏನೇ, ‘ಏನೂ ಆಗಲ್ಲ’ ಅಂದಿದ್ದೆ” ಎಂದಳು ಅಕ್ಕ.

“ಅಂದಿದ್ದೆ.”

“ಅವಾಗಲೇ ಗೊತ್ತಿತ್ತಾ?”

“ಹೂಂ.”

ಅಕ್ಕ ಸೆರಗಿನಿಂದ ಕೈ ಹೊರತೆಗೆದು, ತನ್ನ ಬೆರಳುಗಳನ್ನೇ ಸ್ವಲ್ಪ ಹೊತ್ತು ನೋಡಿದಳು, ಬೇರೆ ಯಾರೋ ರಿಪೇರಿಗೆ ಬಿಟ್ಟುಹೋದ ವಸ್ತುವಿನ ಹಾಗೆ. ಕಾರಿಡಾರಿನಲ್ಲಿ ಬೆಳಕು ನೀರಿನಂತೆ ನಿಂತಿತ್ತು. ದೂರದಲ್ಲಿ ಗಾಲಿಮಂಚವೊಂದು ಕಿರುಗುಟ್ಟುತ್ತ ಹೋಯಿತು. ಈಗ ಅಕ್ಕ ಎದ್ದು ಬೆನ್ನಿಗೆ ಚೀಲ ಆನಿಸಿಕೊಂಡು ನಡೆಯುತ್ತಾಳೆ ಎಂದು ಅವಳಿಗೆ ಖಾತ್ರಿಯಾಯಿತು; ಆ ಬೆನ್ನು, ಆ ಓಣಿ, ಆ ಚೀಲದ ಕೆಂಪು ಬಕಲು ಕೂಡ ಕಂಡವು.

“ಆ ಫ್ರಾಕು ನೆನಪಿದೆಯಾ?” ಎಂದಳು ಅಕ್ಕ.

ಅವಳು ಬೆಂಚಿನ ಮೇಲೆ ಅಕ್ಕನ ಪಕ್ಕದಲ್ಲಿ ಕೂತಳು.

“ನಾನು ಉಸಿರು ಹಿಡಿದಿದ್ದು ನಿಂಗೆ ಕಾಣಿಸ್ತು ಅಂತ ಅವತ್ತೇ ಗೊತ್ತು ನಂಗೆ. ನೀನು ಬರೆದೆ. ಯಾಕೆ ಅಂದ್ರೆ ನಾನು ತೆಳ್ಳಗಿರಬೇಕು ಅಂತ ನಂಗೆ ಆಸೆ ಇತ್ತು.” ಅಕ್ಕ ನಕ್ಕಳು. “ನೀನು ಯಾವಾಗಲೂ ಹೀಗೇ ಕಣೇ ಪುಟ್ಟಿ. ಎದುರಿಗಿರೋರಿಗೆ ಏನು ಬೇಕೋ ಅದನ್ನ ಅಳೆದುಬಿಡ್ತೀಯ. ಆಮೇಲೆ ನಿದ್ದೆ ಬಿಟ್ಟು ಕೂರ್ತೀಯ.”

“ಬೇಡ ಅಕ್ಕ. ತಗೋಬೇಡ. ಎಲ್ಲ ಸರಿಯಾಗಿ ಗೊತ್ತಾಗೋ ತನಕ ಕಾಯೋಣ.”

“ಎಷ್ಟು ದಿನ?”

“ವರ್ಷ ಆಗಬಹುದು. ಎರಡು.”

“ಅಷ್ಟು ಹೊತ್ತಿಗೆ ಈ ಕೈ ಬೀಡಿ ಹಚ್ಚೋಕೂ ಬರಲ್ಲ.” ಅಕ್ಕ ಬೀಡಿ ಸೇದಿದವಳಲ್ಲ, ಅದು ಅಪ್ಪನ ಮಾತು, ಅಪ್ಪನ ದನಿಯಲ್ಲೇ ಹೇಳಿದ್ದು. “ನಿನ್ನ ಆರು ಇರಲಿ. ನಂಗೆ ಬೆಳಿಗ್ಗೆ ನೂರಕ್ಕೆ ನೂರು ನೋವಿದೆ. ಅದನ್ನ ಯಾರೂ ಲೆಕ್ಕ ಹಾಕಬೇಕಾಗಿಲ್ಲ. ಆರು ಬೆರಳು ಬಟ್ಟೆ ಬಿಟ್ಟು ಹೊಲಿದಿದೀಯ ಅಂದ್ಕೋತೀನಿ. ಇವತ್ತಾದ್ರೂ ಬಿಟ್ಟೆಯಲ್ಲ.”

ನರ್ಸು ಬಂದು ಒಪ್ಪಿಗೆಯ ಕಾಗದ, ಒಂದು ಲೋಟ ನೀರು, ಪುಟ್ಟ ಬಟ್ಟಲಲ್ಲಿ ಒಂದು ಬಿಳಿ ಮಾತ್ರೆ ಇಟ್ಟಳು. ಸಹಿ ಮಾಡಲು ಅಕ್ಕನಿಗೆ ಪೆನ್ನು ಹಿಡಿಯಲಾಗಲಿಲ್ಲ. ಎರಡು ಸಲ ಜಾರಿತು. ಮೂರನೆಯ ಸಲ ಮುಷ್ಟಿಯಲ್ಲಿ ಹಿಡಿದು, ನಾಲಿಗೆಯ ತುದಿ ಕಚ್ಚಿಕೊಂಡು, ಚಿಕ್ಕ ಮಕ್ಕಳ ಹಾಗೆ ದೊಡ್ಡ ಅಕ್ಷರದಲ್ಲಿ ಬರೆದಳು. ಕಾಗದದ ಕೆಳಗೆ ವಾರಗಳ ಪಟ್ಟಿ ಇತ್ತು, ಒಂದರ ಪಕ್ಕ ಒಂದು ಚೌಕ. ಅಕ್ಕ ಆ ಚೌಕಗಳ ಮೇಲೆ ಮುದುಡಿದ ಬೆರಳಿನ ಗೆಣ್ಣು ಓಡಿಸಿದಳು.

“ಇದೇನಾ ಅದು?”

“ಹೂಂ.”

“ನಾನು ಒಂದು ವಾರ ಬರದೆ ಹೋದ್ರೆ ಇದರಲ್ಲಿ ಸೊನ್ನೆ ಹಾಕಬೇಡ. ಫೋನೂ ಮಾಡ್ಬೇಡ. ಬಂದು ಬಾಗಿಲು ಬಡಿ. ತೆಗೀದಿದ್ರೆ ಒಡಿ.”

ಮಾತ್ರೆಯನ್ನು ನಾಲಿಗೆಯ ಮೇಲಿಟ್ಟುಕೊಂಡು, ಲೋಟವನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದು ಎತ್ತಿದಳು. ಗಂಟಲು ಒಮ್ಮೆ ಏರಿ ಇಳಿಯಿತು. ಒಂದು ಹನಿ ನೀರು ಗದ್ದದಿಂದ ಹಸಿರು ಸೀರೆಯ ಮೇಲೆ ಬಿದ್ದು ಅಗಲವಾಯಿತು. ಇನ್ನು ಅರ್ಧ ಗಂಟೆ ಕೂರಬೇಕು. ಅಕ್ಕ ಗೋಡೆಗೊರಗಿ ಕಣ್ಣು ಮುಚ್ಚಿದಳು. ಅವಳ ಎದೆ ಮೆಲ್ಲಗೆ, ಯಾರಿಗೂ ಏನನ್ನೂ ಮುಚ್ಚಿಡದೆ, ಏರುತ್ತಿತ್ತು, ಇಳಿಯುತ್ತಿತ್ತು. ಪಕ್ಕದಲ್ಲಿ ಕೂತವಳು ಅದನ್ನೇ ನೋಡುತ್ತ ನೋಡುತ್ತ, ಈಗ ಉಸಿರು ಬಿಗಿಹಿಡಿದಿರುವವಳು ತಾನು ಎಂದು ತಿಳಿದು, ಹತ್ತೊಂಬತ್ತು ದಿನದ್ದನ್ನೆಲ್ಲ ಒಂದೇ ಸಲಕ್ಕೆ ಬಿಟ್ಟಳು.